ಮಂಡಕ್ಕಿಯ ಲೀಟರು, ಎಣ್ಣೆಯ ಕಿಲೊ: ಬೈಕಿನ ಪೆಟ್ಟಿಗೆ ನಿಜಕ್ಕೂ ಎಷ್ಟು ಹೊರುತ್ತದೆ?

(ದಾವಣಗೆರೆಯಲ್ಲಿ ದೂರದ ಸವಾರಿ ಮಾಡುವವರ ಮತ್ತು ಗ್ಯಾರೇಜಿನವರ ಮುಂದೆ ಆಡಿದ ಮಾತಿನ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದೆ.)

ಮೇಜಿನ ಮೇಲೆ 45 ಲೀಟರಿನ ಒಂದು ಟಾಪ್ ಬಾಕ್ಸ್, ಅಂದರೆ ಸೀಟಿನ ಹಿಂದೆ ಕೂರಿಸುವ ಪೆಟ್ಟಿಗೆ, ಇದೆ. ಪಕ್ಕದಲ್ಲಿ ಒಂದು ಚೀಲ ಮಂಡಕ್ಕಿ, ಒಂದು ಕೊಕ್ಕೆ ತಕ್ಕಡಿ. ಬಾಕ್ಸಿಗೆ ಕಂಠಮಟ್ಟ ಮಂಡಕ್ಕಿ ಸುರಿದರೆ ಒಳಗಿನ ತೂಕ ನಾಲ್ಕೈದು ಕೆಜಿ. ಅದೇ ಜಾಗಕ್ಕೆ ಅಕ್ಕಿ ಸುರಿದರೆ ಸುಮಾರು 36 ಕೆಜಿ. ಚಳ್ಳಕೆರೆಯ ಶೇಂಗಾ ಎಣ್ಣೆಯನ್ನು ಅಂಚಿನ ತನಕ ತುಂಬಿದೆವು ಅಂದುಕೊಳ್ಳಿ, 41 ಕೆಜಿ. ಈಗ ಮುಚ್ಚಳ ಎತ್ತಿ ಒಳಗೆ ಅಂಟಿಸಿರುವ ಚೀಟಿ ಓದಿ. ಇಷ್ಟು ದೊಡ್ಡ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಬರೆದಿರುವುದು 10 ಕೆಜಿ, ಕೆಲವಕ್ಕೆ 5. ಸ್ಕೂಟರಿಗೆ ಕೂರಿಸುವ ಸಣ್ಣ ಬಾಕ್ಸ್‌ಗಳಲ್ಲಿ 3 ಅಂತ ಅಚ್ಚಾಗಿರುವುದೂ ಉಂಟು. ಅಂದರೆ ಈ ಪೆಟ್ಟಿಗೆ ಮಂಡಕ್ಕಿಗೆ ಲಾಯಕ್ಕು, ಅಕ್ಕಿಗೆ ಅಲ್ಲ.

ಅಂಗಡಿಗೆ ಹೋದಾಗ ಯಾರೂ ಕಿಲೊ ಕೇಳುವುದಿಲ್ಲ. ಎಷ್ಟು ಲೀಟರು, ಎರಡು ಹೆಲ್ಮೆಟ್ ಹಿಡಿಯುತ್ತಾ, ಇಷ್ಟೇ ಪ್ರಶ್ನೆ. ಹೆಲ್ಮೆಟ್ ಪ್ರಶ್ನೆ ತಪ್ಪೇನಲ್ಲ. ಎರಡು ಫುಲ್‌ಫೇಸ್ ಹೆಲ್ಮೆಟ್ ಸೇರಿ ಮೂರು ಕೆಜಿಯ ಆಸುಪಾಸು, ಜಾಗ ಮಾತ್ರ ಬಾಕ್ಸಿನ ತುಂಬ. ಟಾಪ್ ಬಾಕ್ಸ್ ಇರುವುದೇ ಇಂಥ ದೊಡ್ಡ, ಹಗುರ ಸಾಮಾನಿಗೆ. ತೊಂದರೆ ಶುರುವಾಗುವುದು ಹೆಲ್ಮೆಟ್ ತಲೆಗೆ ಹೋಗಿ, ಖಾಲಿಯಾದ ಜಾಗಕ್ಕೆ ಪಾನಾ ಪೆಟ್ಟಿಗೆ, ಚೈನ್ ಲ್ಯೂಬ್, ನೀರಿನ ಬಾಟಲಿ, ಲ್ಯಾಪ್‌ಟಾಪು, ಊರಿಗೆ ಒಯ್ಯುವ ಬೆಣ್ಣೆ ಡಬ್ಬಿ ಒಂದೊಂದಾಗಿ ಇಳಿಯಲು ಹತ್ತಿದಾಗ.

ಚೀಟಿಯ ಮೇಲಿನ 10 ಕಂಡು ನಗುವವರು ಬಹಳ. "ಇದರ ಮೇಲೆ ಆಳು ಹತ್ತಿ ನಿಂತರೂ ಮುರಿಯಲ್ಲ, ಕಂಪನಿಯವರು ಕೋರ್ಟಿಗೆ ಹೆದರಿ ಕಡಿಮೆ ಬರೀತಾರೆ" ಅನ್ನುತ್ತಾರೆ. ನಿಂತ ಗಾಡಿಯಲ್ಲಿ ಮುರಿಯುವುದಿಲ್ಲ, ಒಪ್ಪೋಣ. ಆದರೆ ಆ ಅಂಕಿ ಪೆಟ್ಟಿಗೆ ಎಷ್ಟು ಗಟ್ಟಿ ಅಂತ ಹೇಳುವುದಿಲ್ಲ. ಬಾಕ್ಸಿನ ತಳ, ಅದರ ಕೊಂಡಿ, ಕೊಂಡಿ ಕೂರುವ ಪ್ಲೇಟು, ಪ್ಲೇಟು ಕೂರುವ ರ‍್ಯಾಕು, ರ‍್ಯಾಕಿನ ಬೋಲ್ಟು, ಬೋಲ್ಟು ಕಚ್ಚಿಕೊಂಡ ಸಬ್‌ಫ್ರೇಮು (ಸೀಟಿನ ಕೆಳಗಿನ ಹಿಂಬದಿ ಚೌಕಟ್ಟು), ಹೀಗೆ ತೂಕ ಕೈಯಿಂದ ಕೈಗೆ ದಾಟಿ ಚಕ್ರಕ್ಕೆ ಇಳಿಯುತ್ತದೆ. ಈ ಸಾಲಿನಲ್ಲಿ ಬಡಕಲು ಯಾರೋ, ಲೆಕ್ಕ ಅವರದ್ದು. ಬಾಕ್ಸಿಗೆ 10, ರ‍್ಯಾಕಿಗೆ 6 ಅಂತಿದ್ದರೆ ನಿಮ್ಮ ಅಂಕಿ 6. ಅದರಲ್ಲೂ ಆ 10 ವೇಗಕ್ಕೆ ಕಟ್ಟುಬಿದ್ದ ಅಂಕಿ. ಬಾಕ್ಸ್ ಮಾಡುವ ಇಟಲಿಯ ಗಿವಿ ಕಂಪನಿ ತನ್ನ ಮೊನೊಕೀ ಎಂಬ ಸಾಲಿನ ಬಾಕ್ಸ್‌ಗಳಿಗೆ 10 ಕೆಜಿ ಅನ್ನುವುದರ ಜೊತೆಗೇ, ಬಾಕ್ಸ್ ಹಾಕಿದ ಗಾಡಿ ಗಂಟೆಗೆ 120 ಕಿ.ಮೀ. ದಾಟಬಾರದು ಅಂತಲೂ ಹೇಳುತ್ತದೆ. ನಮ್ಮಲ್ಲಿ ಮೊದಲರ್ಧವನ್ನೂ ಓದುವುದಿಲ್ಲ, ಎರಡನೆಯರ್ಧ ಇದೆ ಅಂತ ಗೊತ್ತೂ ಇಲ್ಲ.

ಈಗ ರಸ್ತೆಗೆ ಬನ್ನಿ. ಹಂಪ್ ಹಾರಿ ಇಳಿದಾಗ, ಮಳೆಗಾಲದ ಗುಂಡಿಗೆ ಚಕ್ರ ಕುಸಿದು ಎದ್ದಾಗ, ಗಾಡಿಯ ಬಾಲಕ್ಕೆ ಬೀಳುವ ಏಟು ನಿಂತ ತೂಕದ ಎರಡು ಮೂರು ಪಟ್ಟು. 37 ಲೀಟರಿನ ಅಲ್ಯುಮಿನಿಯಂ ಸೈಡ್ ಬಾಕ್ಸ್ ಬರಿದೇ ಸುಮಾರು 5 ಕೆಜಿ ತೂಗುತ್ತದೆ. ಒಳಗೆ 10 ಇಟ್ಟರೆ 15. ಮೂರು ಪಟ್ಟಿನ ಏಟಿಗೆ ರ‍್ಯಾಕಿನ ಮೇಲೆ ಬೀಳುವುದು 45 ಕೆಜಿಯ ಬಲ. ಒಳಗೆ 20 ಇಟ್ಟರೆ 75. ಅದೂ ಫ್ರೇಮಿನಿಂದ ಒಂದು ಗೇಣು ಆಚೆ ನೇತಾಡಿಕೊಂಡು, ಮೇಲಿನ ಬೋಲ್ಟನ್ನು ಹೊರಕ್ಕೆ ಕಿತ್ತು ಕೆಳಗಿನದನ್ನು ಒಳಕ್ಕೆ ಒತ್ತುತ್ತಾ.

ಒಂದು ಏಟಿಗೆ ರ‍್ಯಾಕು ಮುರಿಯುವುದು ಅಪರೂಪ. ಅದು ಸಾಯುವುದು ಕಬ್ಬಿಣದ ತಂತಿ ಸಾಯುವ ಹಾಗೆ, ಆ ಕಡೆ ಈ ಕಡೆ ಬಗ್ಗಿ ಬಗ್ಗಿ. ಬೆಸುಗೆ ಹಾಕಿದ ಉಕ್ಕಿನ ಕೀಲುಗಳಿಗೆ ಎಂಜಿನಿಯರುಗಳು ಹಿಡಿಯುವ ಒಂದು ಲೆಕ್ಕವಿದೆ. ಬೆಸುಗೆಯ ಮೇಲಿನ ಒತ್ತಡ ಎಷ್ಟು ಪಟ್ಟು ಏರಿತೋ ಅದರ ಘನದಷ್ಟು ಆಯುಸ್ಸು ಇಳಿಯುತ್ತದೆ. ಒತ್ತಡ ಎರಡರಷ್ಟಾದರೆ ಆಯುಸ್ಸು ಎಂಟರಲ್ಲೊಂದು ಪಾಲು. ನಮ್ಮ ಸೈಡ್ ಬಾಕ್ಸಿಗೆ ಇದನ್ನು ಹಚ್ಚಿ ನೋಡಿ. ಒಳಗಿನ ಸಾಮಾನು 10ರಿಂದ 20ಕ್ಕೆ ಹೋದಾಗ ಬಾಕ್ಸಿನ ತೂಕವೂ ಸೇರಿ ಒಟ್ಟು 15ರಿಂದ 25ಕ್ಕೆ ಹೋಯಿತು, ಅಂದರೆ 1.67 ಪಟ್ಟು. ಅದರ ಘನ 4.6. ಐದು ವರ್ಷ ಬಾಳಬೇಕಿದ್ದ ಬೆಸುಗೆ ಒಂದು ವರ್ಷದ ಮೇಲೆ ತುಸು ದಿನಕ್ಕೆ ಬಾಯಿ ಬಿಡುತ್ತದೆ. "ಹೋದ ವರ್ಷ ಲಡಾಖಿಗೆ 20 ಕೆಜಿ ಹಾಕ್ಕೊಂಡು ಹೋಗಿ ಬಂದೆ, ಏನೂ ಆಗಲಿಲ್ಲ" ಅನ್ನುವವರಿಗೆ ನಾವು ಹೇಳುವುದು ಇಷ್ಟು: ಆಗಿದೆ, ಬಣ್ಣದ ಕೆಳಗಿದೆ.

ಎಲ್ಲಿದೆ ಅಂತ ನೋಡಲು ಈ ಹಳೆಯ ರ‍್ಯಾಕನ್ನು ಕೈಯಿಂದ ಕೈಗೆ ದಾಟಿಸಿ. ಕೊಳವೆಯ ತುದಿಯನ್ನು ಚಪ್ಪಟೆ ಮಾಡಿ ಬೋಲ್ಟಿಗೆ ತೂತು ಕೊರೆದಿದ್ದಾರೆ. ಚಪ್ಪಟೆ ಭಾಗ ಮುಗಿದು ಕೊಳವೆ ದುಂಡಗಾಗುವ ಕಡೆ ಉಗುರು ಆಡಿಸಿ, ಸಣ್ಣಗೆ ತಡೆಯುತ್ತದೆ. ಕಪ್ಪು ಪೌಡರ್ ಕೋಟಿಂಗಿನಲ್ಲಿ ಕೂದಲೆಳೆಯಷ್ಟು ಗೆರೆ, ಗೆರೆಯ ಉದ್ದಕ್ಕೂ ಚಹಾ ಕಲೆಯ ಬಣ್ಣ. ಬಿರುಕಿಗೆ ನೀರಿಳಿದು ತುಕ್ಕು ಹೊರಗೆ ಬಂದದ್ದು ಅದು. ಗಾಡಿ ತೊಳೆದ ಮಾರನೆಯ ದಿನ ಈ ಕಲೆ ಚೆನ್ನಾಗಿ ಕಾಣುತ್ತದೆ, ತೊಳೆದ ಕೂಡಲೇ ಅಲ್ಲ. ಎರಡನೆಯ ಜಾಗ ಬೆಸುಗೆಯ ಅಂಚು. ಬೆಸುಗೆಯ ನಡುವೆ ಬಿರುಕು ಬರುವುದು ಕಡಿಮೆ, ಬೆಸುಗೆ ಮುಗಿದು ಬರಿಯ ಕೊಳವೆ ಶುರುವಾಗುವ ಗೆರೆಯಲ್ಲೇ ಬರುತ್ತದೆ. ಮೂರನೆಯದು ಹಿಂದಿನ ಇಂಡಿಕೇಟರ್ ಹತ್ತಿರದ ಮೇಲಿನ ಬೋಲ್ಟು. ಅಲ್ಲಿ ಲೋಹಕ್ಕೆ ಲೋಹ ಉಜ್ಜಿ ಬೂದು ಬಣ್ಣದ ಮಡ್ಡಿ ಕಂಡರೆ ಬೋಲ್ಟು ಸಡಿಲವಾಗಿ ಬಹಳ ದಿನವಾಗಿದೆ ಅಂತ ಅರ್ಥ.

ಬೋಲ್ಟಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇವೆ. ರ‍್ಯಾಕಿಗೆ ಬಳಸುವುದು ಹೆಚ್ಚಾಗಿ ಎಂ8, ಅಂದರೆ 8 ಮಿ.ಮೀ. ದಪ್ಪದ ಬೋಲ್ಟು. ತಲೆಯ ಮೇಲೆ 8.8 ಅಂತ ಕೆತ್ತಿರುವುದನ್ನೇ ಕೊಳ್ಳಿ, ಅದು ಉಕ್ಕಿನ ಗಟ್ಟಿತನದ ದರ್ಜೆ. ಹೊಳೆಯುತ್ತದೆ ಅಂತ ಸ್ಟೇನ್‌ಲೆಸ್ ಹಾಕುವ ಚಟವಿದೆ. ಮಾರುಕಟ್ಟೆಯ ಎ2-70 ದರ್ಜೆಯ ಸ್ಟೇನ್‌ಲೆಸ್ 8.8ಕ್ಕಿಂತ ಮೆತ್ತಗೆ, ತುಕ್ಕು ಹಿಡಿಯುವುದಿಲ್ಲ ಅನ್ನುವುದೊಂದೇ ಅದರ ಗುಣ. ಬಿಗಿ ಮಾಡುವ ಬಲ ಎಂ8ಕ್ಕೆ ಸುಮಾರು 25 ನ್ಯೂಟನ್ ಮೀಟರ್, ಎಂ6ಕ್ಕೆ 10, ನಿಮ್ಮ ಗಾಡಿಯ ಪುಸ್ತಿಕೆಯಲ್ಲಿ ಬೇರೆ ಅಂಕಿ ಇದ್ದರೆ ಅದೇ. ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್, ಎರಡು ಹನಿ ಸಾಕು. ಹೊಸ ರ‍್ಯಾಕ್ ಹಾಕಿ 100 ಕಿ.ಮೀ. ಓಡಿಸಿದ ಮೇಲೆ ಎಲ್ಲ ಬೋಲ್ಟನ್ನೂ ಮತ್ತೊಮ್ಮೆ ಬಿಗಿ ಮಾಡಲೇಬೇಕು. ಬ್ರ್ಯಾಕೆಟ್ಟಿನ ಕೆಳಗಿರುವ ಬಣ್ಣದ ಪದರ ಒತ್ತಡಕ್ಕೆ ಹಿಚುಕಿ ತೆಳ್ಳಗಾಗುತ್ತದೆ, ಆಗ ಬೋಲ್ಟು ತಿರುಗದೇ ಇದ್ದರೂ ಅದರ ಬಿಗಿ ಹೋಗಿರುತ್ತದೆ. ಪ್ಲಾಸ್ಟಿಕ್ ಪ್ಲೇಟಿಗೆ ಇದರ ಉಲ್ಟಾ ರೋಗ: ಹೆಚ್ಚು ಬಿಗಿ ಮಾಡಿ ತೂತಿನ ಸುತ್ತ ಸೀಳಿಬಿಡುತ್ತಾರೆ. ಅಲ್ಲಿ ಅಗಲದ ವಾಷರ್ ಬೇಕು, ತೋಳ್ಬಲ ಬೇಡ.

ಇನ್ನು ತೂಕ ಕೂರುವ ಜಾಗ. ನಮಗೆ ಕೇಳಿದರೆ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದೇ ದೊಡ್ಡದು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಎರಡು ಚಕ್ರಗಳ ನಡುವಿನ ಅಂತರ 1390 ಮಿ.ಮೀ. ಟಾಪ್ ಬಾಕ್ಸಿನ ನಡುಮಧ್ಯ ಹಿಂದಿನ ಆಕ್ಸೆಲಿಗಿಂತ (ಚಕ್ರದ ಅಚ್ಚಿಗಿಂತ) 350 ಮಿ.ಮೀ. ಹಿಂದೆ ಬಂತು ಅಂತಿಟ್ಟುಕೊಳ್ಳಿ. ಬಾಕ್ಸು, ಸಾಮಾನು ಸೇರಿ 20 ಕೆಜಿ. ಏತದ ಲೆಕ್ಕ, ಇನ್ನೇನಲ್ಲ: 20ನ್ನು 350ರಿಂದ ಗುಣಿಸಿ 1390ರಿಂದ ಭಾಗಿಸಿದರೆ 5. ಹಿಂದಿನ ಚಕ್ರಕ್ಕೆ ಬೀಳುವುದು 20 ಅಲ್ಲ, 25. ಮುಂದಿನ ಚಕ್ರದಿಂದ 5 ಕೆಜಿ ಎದ್ದುಹೋಯಿತು. ನೀವು ಹಿಂದೆ ಇಟ್ಟದ್ದು ಮುಂದಿನ ಹಿಡಿತವನ್ನು ತಿಂದಿತು. ಹ್ಯಾಂಡಲ್ ಹಗುರವಾಯಿತು, ತಿರುವಿನಲ್ಲಿ ಗಾಡಿ ಹೊರಕ್ಕೆ ಸರಿಯುತ್ತದೆ, ವೇಗದಲ್ಲಿ ಬಾಲ ಅಲ್ಲಾಡುತ್ತದೆ. ಈ ಅಲ್ಲಾಟ ಶುರುವಾದಾಗ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದು ಎದುರಿಸಬೇಡಿ, ಬ್ರೇಕನ್ನೂ ಜೋರಾಗಿ ಒತ್ತಬೇಡಿ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ವೇಗ ಇಳಿದ ಹಾಗೆ ತಾನಾಗಿ ನಿಲ್ಲುತ್ತದೆ. ನಿಂತ ಮೇಲೆ ರಸ್ತೆ ಬದಿಯಲ್ಲೇ ಭಾರದ ಸಾಮಾನನ್ನು ಮುಂದಕ್ಕೆ ಬದಲಿಸಿ.

ಇಲ್ಲಿ ಹಾಲಿನವರ ಗಾಡಿ ನೆನಪಾಗಬೇಕು. ಸುತ್ತಿನ ಹಳ್ಳಿಗಳಿಂದ ಬೆಳಿಗ್ಗೆ ಬರುವ ಗಾಡಿಗಳಲ್ಲಿ ಆ ಕಡೆ 20 ಲೀಟರು, ಈ ಕಡೆ 20 ಲೀಟರು ಹಾಲು ತೂಗುಬಿದ್ದಿರುತ್ತದೆ. ಹಾಲು ನೀರಿಗಿಂತ ತುಸು ಭಾರ, ಹಾಲೇ 41 ಕೆಜಿ ಆಯಿತು, ಕ್ಯಾನಿನ ತೂಕ ಬೇರೆ. ಅವರು ಹೊರುವುದು ನಮ್ಮ ಎರಡು ಪೆಟ್ಟಿಗೆಯ ಎರಡರಷ್ಟು, ಗಾಡಿಯೋ ನೂರು ಸಿಸಿಯದು. ಹಾಗಾದರೆ ಚೀಟಿ ಸುಳ್ಳೇ? ನೋಡಿ, ಕ್ಯಾನು ಎಲ್ಲಿ ತೂಗುತ್ತದೆ. ಚಕ್ರದ ಮಟ್ಟಕ್ಕೆ, ಆಕ್ಸೆಲಿನ ನೇರಕ್ಕೆ ಅಥವಾ ತುಸು ಮುಂದೆ, ಎರಡೂ ಬದಿ ಸಮ. ಕೊಕ್ಕೆ ತೂಗುಬಿದ್ದ ಕಾರಣ ಏಟು ಒಂದಿಷ್ಟು ಮೆತ್ತಗಾಗುತ್ತದೆ. ಹಿಂದೆ ಕೂರುವವರು ಇರುವುದಿಲ್ಲ, ವೇಗ ಮೂವತ್ತು ನಲವತ್ತು, ಹಂಪ್ ಬಂದರೆ ಕಾಲು ಕೆಳಗಿಟ್ಟು ದಾಟುತ್ತಾರೆ, ಚೆಲ್ಲಿದರೆ ನಷ್ಟ ಅವರದ್ದೇ. ಇಷ್ಟಾದರೂ ಆ ಗಾಡಿಗಳ ಹಿಂದಿನ ಶಾಕ್ ಅಬ್ಸಾರ್ಬರ್, ಸ್ಪೋಕು, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿನ ಬುಶ್ ಎಷ್ಟು ಬೇಗ ಹೋಗುತ್ತವೆ ಅನ್ನುವುದನ್ನು ಯಾವ ಗ್ಯಾರೇಜಿನವರನ್ನು ಬೇಕಾದರೂ ಕೇಳಿ. ಅದೇ 40 ಕೆಜಿಯನ್ನು ಒಂದು ಮೀಟರ್ ಎತ್ತರಕ್ಕೆ, ಆಕ್ಸೆಲಿಗೆ ಒಂದಡಿ ಹಿಂದಕ್ಕೆ ಏರಿಸಿ, ಗಂಟೆಗೆ 90ರಲ್ಲಿ ಹೋದರೆ ಅದು ಬೇರೆಯೇ ಪ್ರಾಣಿ.

ಇದಕ್ಕಿಂತ ಕಹಿಯಾದ ಲೆಕ್ಕ ಇನ್ನೊಂದಿದೆ, ಕಳೆಯುವ ಲೆಕ್ಕ. ಪ್ರತಿ ಗಾಡಿಗೂ ತಯಾರಕರು ಒಟ್ಟು ಹೊರೆಯ ಮಿತಿ ಕೊಟ್ಟಿರುತ್ತಾರೆ. ಸವಾರ, ಹಿಂಬದಿ ಸವಾರ, ಸಾಮಾನು, ಆಮೇಲೆ ಹಾಕಿಸಿದ ಎಲ್ಲ ಕಬ್ಬಿಣ ಇದರೊಳಗೇ ಬರಬೇಕು. ಸ್ಪ್ಲೆಂಡರ್ ಪ್ಲಸ್‌ಗೆ ಅದು 130 ಕೆಜಿ. ಗಂಡ 72, ಹೆಂಡತಿ 60 ಇದ್ದರೆ ಬಾಕ್ಸ್ ಕೂರಿಸುವ ಮೊದಲೇ ಮಿತಿ ದಾಟಿತು. ದೊಡ್ಡ ಗಾಡಿ ಕೊಂಡರೆ ಈ ಕಾಟ ತಪ್ಪುತ್ತದೆ ಅನ್ನುವವರಿಗೆ ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 450ರ ಲೆಕ್ಕ ಮಾಡಿ ತೋರಿಸುತ್ತೇವೆ. ಸಾಮಾನು ಸಹಿತ ಗರಿಷ್ಠ ತೂಕ 394 ಕೆಜಿ, ಗಾಡಿಯ ತೂಕ 196. ಉಳಿದದ್ದು 198. ಸವಾರ 75, ಅವರ ಜಾಕೆಟ್, ಬೂಟು, ಹೆಲ್ಮೆಟ್ 8. ಹಿಂದೆ ಕೂತವರು 60, ಅವರ ಉಡುಪು 6. ಒಟ್ಟು 149 ಹೋಯಿತು, ಉಳಿದದ್ದು 49. ಸೈಡ್ ರ‍್ಯಾಕ್ 6, ಎರಡು ಅಲ್ಯುಮಿನಿಯಂ ಬಾಕ್ಸ್ 10, ಟಾಪ್ ಪ್ಲೇಟು 2, ಟಾಪ್ ಬಾಕ್ಸ್ 4, ಎಂಜಿನ್ ಗಾರ್ಡ್ 5. ಇದೇ 27. ನಿಜವಾದ ಸಾಮಾನಿಗೆ ಉಳಿದದ್ದು 22 ಕೆಜಿ. ಮೂರೂ ಬಾಕ್ಸಿನ ಚೀಟಿ ಕೂಡಿದರೆ 10, 10, 5, ಒಟ್ಟು 25. ಚೀಟಿ ಜಿಪುಣ ಅಂತ ಬೈಯುತ್ತಿದ್ದೆವು, ಇಬ್ಬರು ಕೂತ ಗಾಡಿ ಚೀಟಿಗಿಂತಲೂ ಜಿಪುಣ. ಟೆಂಟ್ 3, ಎರಡು ಸ್ಲೀಪಿಂಗ್ ಬ್ಯಾಗ್ 3, ಪಾನಾ, ಟ್ಯೂಬು, ಪಂಪು 4, ನೀರು 4, ಇಬ್ಬರ ಬಟ್ಟೆ 8. ಇಪ್ಪತ್ತೆರಡು ಮುಗಿಯಿತು. ಸ್ಟೌ ಇನ್ನೂ ಮನೆಯಲ್ಲೇ ಇದೆ.

ಇದರಲ್ಲಿ ಸುಲಭಕ್ಕೆ ಕೈಗೆ ಸಿಗುವುದು ಆ 27. ಎಂಥ ಪೆಟ್ಟಿಗೆ ಅನ್ನುವುದರಲ್ಲೇ ಹತ್ತು ಕೆಜಿ ಉಳಿಸಬಹುದು. ದಪ್ಪ ಬಟ್ಟೆಯ ಸ್ಯಾಡಲ್ ಬ್ಯಾಗಿನ ಜೋಡಿ ಎರಡು ಮೂರು ಕೆಜಿ, ರ‍್ಯಾಕೂ ಹಗುರದ್ದು ಸಾಕು, ಗಾಡಿಯ ಮೈಗೆ ಹತ್ತಿಕೊಂಡು ಕೂರುತ್ತದೆ, ಬಿದ್ದರೆ ರ‍್ಯಾಕನ್ನು ಕಿತ್ತುಕೊಂಡು ಹೋಗುವುದಿಲ್ಲ. ಬೀಗವಿಲ್ಲ, ಮಳೆಗೆ ಒಳಚೀಲ ಬೇಕು, ಸೈಲೆನ್ಸರಿಗೆ ತಾಗಿದರೆ ಸುಟ್ಟು ತೂತಾಗುತ್ತದೆ. ನಮ್ಮ ಮಟ್ಟಿಗೆ, ಇಬ್ಬರು ಹೋಗುವ ದೂರದ ದಾರಿಗೆ ಬಟ್ಟೆ ಚೀಲವೇ ಮೇಲು. ಪೇಟೆಯಲ್ಲಿ ಗಾಡಿ ನಿಲ್ಲಿಸಿ ಕೆಲಸಕ್ಕೆ ಹೋಗುವವರಿಗೆ ಬೀಗದ ಪೆಟ್ಟಿಗೆ.

ಟೈರು ಮತ್ತು ಶಾಕ್ ಬಗ್ಗೆ ಬೇಗ ಹೇಳಿ ಮುಂದೆ ಹೋಗೋಣ. ಟೈರಿನ ಗೋಡೆಯ ಮೇಲೆ 120/90-17 64ಎಸ್ ಎಂಬಂಥ ಬರಹ ಇರುತ್ತದೆ. 64 ಅನ್ನುವುದು ಹೊರೆಯ ಸೂಚಿ, ಅರ್ಥ 280 ಕೆಜಿ. 57 ಇದ್ದರೆ 230, 54 ಇದ್ದರೆ 212. ಇದು ಆ ಟೈರು ತಡೆಯುವ ಪೂರ್ತಿ ಗಾಳಿ ತುಂಬಿದಾಗಿನ ಮಾತು, ಗಾಳಿ ಕಡಿಮೆ ಇದ್ದರೆ ಸೂಚಿಗೆ ಬೆಲೆಯಿಲ್ಲ. ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಅಂತ ಚೈನ್ ಕವರಿನ ಅಥವಾ ಸ್ವಿಂಗ್ ಆರ್ಮಿನ ಮೇಲಿನ ಸ್ಟಿಕ್ಕರಿನಲ್ಲಿದೆ. ಬಾಕ್ಸ್ ತುಂಬಿದ ದಿನ, ಒಬ್ಬರೇ ಇದ್ದರೂ, ಇಬ್ಬರ ಅಂಕಿ ಹಾಕಿ. ಬೆಳಿಗ್ಗೆ ಟೈರು ತಣ್ಣಗಿರುವಾಗ ಹಾಕಬೇಕು. ಏಪ್ರಿಲ್ ಮಧ್ಯಾಹ್ನ ಹೈವೇಯಲ್ಲಿ ಓಡಿ ಬಂದ ಟೈರಿನ ಗಾಳಿ ಹೆಚ್ಚು ತೋರಿಸುತ್ತದೆ ಅಂತ ಬಿಟ್ಟರೆ ಮಾರನೆಯ ಬೆಳಿಗ್ಗೆ ಕಡಿಮೆಯಾಗಿರುತ್ತದೆ.

ಹಿಂದಿನ ಶಾಕಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತಿರುಗಿಸುವ ಬಳೆ ಇರುತ್ತದೆ, ಅದಕ್ಕೆ ಹುಕ್ ಸ್ಪ್ಯಾನರ್ ಟೂಲ್ ಕಿಟ್‌ನಲ್ಲೇ ಸಿಗುತ್ತದೆ. ಎರಡು ಶಾಕಿದ್ದರೆ ಎರಡನ್ನೂ ಒಂದೇ ಮೆಟ್ಟಿಲಿಗೆ ಇಡಿ. ಎಷ್ಟು ತಿರುಗಿಸಬೇಕು ಅನ್ನುವುದಕ್ಕೆ ಟೇಪು ಹಿಡಿಯಿರಿ. ಸೆಂಟರ್ ಸ್ಟ್ಯಾಂಡಿನ ಮೇಲೆ ಹಿಂದಿನ ಚಕ್ರ ಗಾಳಿಯಲ್ಲಿರುವಾಗ ಆಕ್ಸೆಲಿನಿಂದ ನೇರ ಮೇಲೆ ಸೀಟಿನ ಕೆಳಗಿನ ಒಂದು ಗುರುತಿನ ತನಕ ಅಳೆಯಿರಿ. ಆಮೇಲೆ ಗಾಡಿ ಇಳಿಸಿ, ಸಾಮಾನು ಹೇರಿ, ಸವಾರರೂ ಕೂತು ಮತ್ತೆ ಅಳೆಯಿರಿ. ವ್ಯತ್ಯಾಸವು ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ದೂರದ ಮೂರರಲ್ಲೊಂದು ಭಾಗದೊಳಗೆ ಇರಬೇಕು. 180 ಮಿ.ಮೀ. ಆಡುವ ಗಾಡಿಯಾದರೆ 60ರ ಒಳಗೆ. ಕೊನೆಯ ಮೆಟ್ಟಿಲಿಗೆ ಬಂದರೂ ಹೆಚ್ಚು ಕುಸಿಯುತ್ತಿದ್ದರೆ ಸ್ಪ್ರಿಂಗ್ ಮೆತ್ತಗಾಯಿತು, ಸಾಮಾನು ಇಳಿಸಿ. ಈ ಬಳೆ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಗಾಡಿಯ ಹಿಂಬದಿ ಎತ್ತರಕ್ಕೆ ಬರುತ್ತದೆ ಅಷ್ಟೇ. ಹೆಚ್ಚು ಮಂದಿ ಇದನ್ನು ತಪ್ಪು ತಿಳಿದಿದ್ದಾರೆ. ಟೇಪು ಇಲ್ಲದವರಿಗೆ ರಾತ್ರಿಯ ಗುರುತು ಒಂದಿದೆ: ಲೋ ಬೀಮ್ ಹಾಕಿದ್ದರೂ ಎದುರಿನವರು ಲೈಟ್ ಮಿಣುಕಿಸಿ ಬೈಯುತ್ತಿದ್ದರೆ ನಿಮ್ಮ ಹಿಂಬದಿ ಕುಸಿದು ಮುಂದಿನ ಬೆಳಕು ಆಕಾಶ ನೋಡುತ್ತಿದೆ.

ತುಂಬುವ ಕ್ರಮ. ಮೊದಲು ಮನೆಯಲ್ಲೇ ತೂಗಿ. ಕೊಕ್ಕೆ ತಕ್ಕಡಿಗೆ ಬಾಕ್ಸಿನ ಹಿಡಿಕೆ ಸಿಕ್ಕಿಸಿ ಎತ್ತಿದರೆ ಆಯಿತು. ಖಾಲಿ ಬಾಕ್ಸಿನ ತೂಕವನ್ನು ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿಟ್ಟರೆ ಪ್ರತಿ ಸಲ ಕಳೆಯಲು ಸುಲಭ. ಎಡ ಬಲದ ವ್ಯತ್ಯಾಸ ಎರಡು ಕೆಜಿ ಮೀರದಿರಲಿ. ಸೈಲೆನ್ಸರ್ ಇರುವ ಬದಿಯ ಬಾಕ್ಸ್ ಹೆಚ್ಚು ಹೊರಗೆ ಚಾಚಿರುತ್ತದೆ, ಆದ್ದರಿಂದ ಆ ಬದಿಗೆ ತುಸು ಹಗುರದ್ದು ಹಾಕುವುದು ಲೇಸು. ಪಾನಾ, ಟ್ಯೂಬು, ನೀರು ಸೈಡ್ ಬಾಕ್ಸಿನ ತಳಕ್ಕೆ, ಮುಂದಿನ ಮೂಲೆಗೆ, ಒಳಗೋಡೆಗೆ ಒತ್ತಿ. ಅದರ ಮೇಲೆ ಬಟ್ಟೆ. ಸಂದಿ ಬಿಡಬೇಡಿ, ಒಳಗೆ ಓಡಾಡುವ ಎರಡು ಕೆಜಿಯ ಪಾನಾ ಚೀಲ ಪ್ರತಿ ಹಂಪಿಗೂ ಸುತ್ತಿಗೆಯ ಕೆಲಸ ಮಾಡುತ್ತದೆ. ಅಲ್ಯುಮಿನಿಯಂ ಬಾಕ್ಸಿನಲ್ಲಿ ಬಟ್ಟೆಯನ್ನು ಹಾಗೇ ಇಟ್ಟರೆ ಗೋಡೆಗೆ ಉಜ್ಜಿ ಕಪ್ಪು ಪುಡಿ ಹತ್ತುತ್ತದೆ, ಬಿಳಿ ಅಂಗಿ ಹೋಯಿತು ಅಂತಲೇ ಲೆಕ್ಕ. ಒಳಚೀಲ ಇರಲಿ. ಟಾಪ್ ಬಾಕ್ಸಿಗೆ ರೇನ್ ಕೋಟು, ಸ್ವೆಟರು, ತಿಂಡಿ, ಬೇಕಾದರೆ ಮಂಡಕ್ಕಿ.

ಬಾಕ್ಸ್ ಕೂರಿಸಿ ಬೀಗ ಹಾಕಿದ ಮೇಲೆ ಕೀ ತಿರುಗಿತು ಅಂತ ನಂಬಬೇಡಿ. ತಳಕ್ಕೆ ಎರಡೂ ಕೈ ಕೊಟ್ಟು ಗಾಡಿಯ ಹಿಂಬದಿ ಏಳುವ ಹಾಗೆ ಮೇಲಕ್ಕೆ ಎತ್ತಿ. ಟಕ್ ಅಂತ ಸದ್ದು ಬಂದರೆ ಮುಂದಿನ ಕೊಂಡಿ ಪ್ಲೇಟಿನ ನಾಲಗೆಗೆ ಕೂತಿಲ್ಲ. ರಸ್ತೆಯ ಮೇಲೆ ಕಳಚಿ ಉರುಳುವ ಬಾಕ್ಸ್‌ಗಳಲ್ಲಿ ತೂಕಕ್ಕೆ ಮುರಿದವಕ್ಕಿಂತ ಅರ್ಧ ಕೂತವೇ ಹೆಚ್ಚು ಅನ್ನುವುದು ನಮ್ಮ ಅಂದಾಜು. ಗ್ರ್ಯಾಬ್ ರೈಲಿಗೆ ಸುತ್ತಿ ಒಂದು ಇಂಚಿನ ಪಟ್ಟಿ ಬಿಗಿದರೆ, ಕೊಂಡಿ ಸೋತರೂ ಬಾಕ್ಸ್ ಹಿಂದಿನ ಲಾರಿಯ ಮುಂದೆ ಬೀಳುವುದಿಲ್ಲ.

ಚಿತ್ರದುರ್ಗದ ಕಡೆ ಹೋಗುವವರಿಗೆ ಗಾಳಿಯ ಮಾತು ಬೇರೆ ಹೇಳಬೇಕು. ಆ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಮುಂಗಾರಿನ ತಿಂಗಳುಗಳಲ್ಲಿ ನೈಋತ್ಯದ ಗಾಳಿ ಬೀಸುತ್ತದೆ, ರಾಷ್ಟ್ರೀಯ ಹೆದ್ದಾರಿ 48 ಇಲ್ಲಿಂದ ಆಗ್ನೇಯಕ್ಕೆ ಹೋಗುತ್ತದೆ, ಅಂದರೆ ಗಾಳಿ ಬರುವುದು ನೇರ ಬಲಗಡೆಯಿಂದ. ಟಾಪ್ ಬಾಕ್ಸಿನ ಪಕ್ಕ ಆಗ ದೋಣಿಯ ಹಾಯಿ. ಬಾಕ್ಸ್ ಖಾಲಿ ಇದ್ದರೂ ಗಾಳಿಗೆ ಅದು ಗೊತ್ತಾಗುವುದಿಲ್ಲ. ಲಾರಿಯನ್ನು ಅದರ ಎಡ ಮಗ್ಗುಲಿಗೆ ಹೋಗಿ ದಾಟುವ ಅಭ್ಯಾಸ ಇದ್ದವರಿಗೆ ಇನ್ನೂ ಕೆಟ್ಟದ್ದು: ಲಾರಿ ಮರೆಯಲ್ಲಿ ಗಾಳಿ ನಿಂತಿರುತ್ತದೆ, ಮುಂದೆ ಬಂದ ಕ್ಷಣ ಒಮ್ಮೆಲೇ ಗುದ್ದುತ್ತದೆ. ಸೈಡ್ ಬಾಕ್ಸ್ ಜೋಡಿಯ ಅಗಲ ಹ್ಯಾಂಡಲಿಗಿಂತ ಹೆಚ್ಚು ಅನ್ನುವುದನ್ನು ಮಾತ್ರ ಹೆದ್ದಾರಿ ಕಲಿಸುವುದಿಲ್ಲ, ಮಂಡಿಪೇಟೆಯ ಓಣಿ ಕಲಿಸುತ್ತದೆ.

ಪ್ರಶ್ನೆಗಳು.

ಇಲ್ಲಿಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ರ‍್ಯಾಕ್ 30 ಕೆಜಿ ಹೊರುತ್ತದೆ ಅನ್ನುತ್ತಾರೆ, ನಂಬಬಹುದಾ? ರ‍್ಯಾಕು ಹೊರಬಹುದು. ದಪ್ಪ ಕೊಳವೆ ಹಾಕಿ ರ‍್ಯಾಕನ್ನು ಗಟ್ಟಿ ಮಾಡಿದಷ್ಟೂ ಮುರಿಯುವ ಜಾಗ ಸಬ್‌ಫ್ರೇಮಿಗೆ ಸರಿಯುತ್ತದೆ. ರ‍್ಯಾಕ್ ಮುರಿದರೆ ಸಾವಿರದ ಖರ್ಚು, ಫ್ರೇಮ್ ಮುರಿದರೆ ಗಾಡಿಯೇ ಹೋಯಿತು. ಮಾಡಿಸುವುದಾದರೆ ಎರಡು ಬದಿಯ ರ‍್ಯಾಕುಗಳನ್ನು ನಂಬರ್ ಪ್ಲೇಟಿನ ಹಿಂದೆ ಒಂದು ಅಡ್ಡ ಕೊಳವೆಯಿಂದ ಕೂಡಿಸಲು ಹೇಳಿ. ಅದಿಲ್ಲದೇ ಇದ್ದರೆ ಏಟಿಗೆ ಎರಡೂ ಬದಿ ಒಳಕ್ಕೆ ಬಾಗಿ ಚಕ್ರಕ್ಕೆ ತಾಗುತ್ತವೆ. ಬೆಸುಗೆಗೆ ಮೊದಲು ರ‍್ಯಾಕನ್ನು ಗಾಡಿಯಿಂದ ಬಿಚ್ಚಿ ಕೊಡಿ. ಗಾಡಿಯ ಮೇಲೇ ಆರ್ಕ್ ಹೊಡೆಸಿದರೆ ಇಸಿಯು (ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸುಟ್ಟುಹೋಗುವ ಸಂಭವವಿದೆ. ಬಿಚ್ಚಲು ಆಗದೇ ಇದ್ದರೆ ಬ್ಯಾಟರಿಯ ಎರಡೂ ತಂತಿ, ಇಸಿಯು ಕನೆಕ್ಟರ್ ತೆಗೆಯದೆ ಯಾರಿಗೂ ಕೈ ಹಾಕಲು ಬಿಡಬೇಡಿ. ಫ್ರೇಮಿಗೆ ನೇರ ಬೆಸುಗೆ ಮಾತ್ರ ಯಾವ ಕಾರಣಕ್ಕೂ ಬೇಡ.

ಕಾನೂನು ಏನು ಹೇಳುತ್ತದೆ? ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರಲ್ಲಿ ಬಂದ ತಿದ್ದುಪಡಿಯಲ್ಲಿ ಹಿಂದೆ ಕೂರಿಸುವ ಹಗುರ ಪೆಟ್ಟಿಗೆಗೆ ಉದ್ದ 550, ಅಗಲ 510, ಎತ್ತರ 500 ಮಿ.ಮೀ. ಮಿತಿ ಇದೆ. ಪೆಟ್ಟಿಗೆ ಹಿಂಬದಿ ಸವಾರರ ಜಾಗದಲ್ಲಿದ್ದರೆ ಸವಾರರು ಒಬ್ಬರೇ. ಅವರ ಜಾಗದ ಹಿಂದಿದ್ದರೆ ಇಬ್ಬರು ಹೋಗಬಹುದು. ಆ ಅಳತೆಯ ಪೆಟ್ಟಿಗೆಗೆ 140 ಲೀಟರು ಹಿಡಿಯುತ್ತದೆ. ಕಾನೂನು ಒಪ್ಪಿದ ಗಾತ್ರವೆಲ್ಲ ನಿಮ್ಮ ರ‍್ಯಾಕು ಒಪ್ಪುವ ತೂಕ ಅಂದುಕೊಳ್ಳಬೇಡಿ.

ಒಬ್ಬರೇ ಹೋಗುವಾಗ ಹಿಂದಿನ ಸೀಟು ಖಾಲಿ, ಅಲ್ಲಿ ಎಷ್ಟು ಕಟ್ಟಬಹುದು? ಎಲ್ಲಕ್ಕಿಂತ ಒಳ್ಳೆಯ ಜಾಗ ಅದೇ. ಅರವತ್ತು ಎಪ್ಪತ್ತು ಕೆಜಿಯ ಮನುಷ್ಯ ಕೂರಲು ಮಾಡಿದ ಜಾಗ, ಎರಡು ಆಕ್ಸೆಲುಗಳ ನಡುವೆ ಇದೆ. ಅಲ್ಲಿ 20 ಕೆಜಿಯ ಚೀಲ ಅಡ್ಡಕ್ಕೆ ಕಟ್ಟಿದರೆ ಗಾಡಿಗೆ ಗೊತ್ತೇ ಆಗುವುದಿಲ್ಲ. ರಬ್ಬರ್ ಬಂಜಿ ಹಗ್ಗ ಬೇಡ, ಎಳೆದಷ್ಟೂ ಹಿಗ್ಗುತ್ತದೆ, ಕೊಕ್ಕೆ ಕಳಚಿದರೆ ಚೈನಿಗೆ ಸುತ್ತಿಕೊಳ್ಳುತ್ತದೆ. ಬಕಲ್ ಇರುವ ಪಟ್ಟಿ ಎರಡು, ತುದಿಗಳನ್ನು ಮಡಿಚಿ ಸಿಕ್ಕಿಸಿ.

ದಾರಿಯಲ್ಲಿ ಬೋಲ್ಟು ಸಡಿಲವಾಯಿತೋ ಇಲ್ಲವೋ ಗೊತ್ತಾಗುವುದು ಹೇಗೆ, ಪ್ರತಿ ಸಲ ಪಾನಾ ತೆಗೆಯಬೇಕಾ? ಬೇಡ. ಮನೆಯಲ್ಲಿ ಬಿಗಿ ಮಾಡಿದ ದಿನವೇ ಬೋಲ್ಟಿನ ತಲೆಯಿಂದ ಬ್ರ್ಯಾಕೆಟ್ಟಿನ ಮೇಲೆ ದಾಟುವ ಹಾಗೆ ನೇಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆಯಿರಿ, ಕೆಂಪು ಚೆನ್ನಾಗಿ ಕಾಣುತ್ತದೆ. ಭರಮಸಾಗರದಲ್ಲಿ ಚಹಾಕ್ಕೆ ನಿಂತಾಗ ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಗೆರೆ ಒಂದೇ ಸಾಲಿನಲ್ಲಿದ್ದರೆ ಚಹಾ ಕುಡಿಯಿರಿ. ತುಂಡಾಗಿ ಅತ್ತಿತ್ತ ಸರಿದಿದ್ದರೆ ಮೊದಲು ಪಾನಾ, ಆಮೇಲೆ ಚಹಾ.